ಗೇಣಿಯ ಲೆಕ್ಕದಿಂದ ಕತೆಯೊಳಗೆ

1943ರ ಮಾರ್ಚ್ ಒಂದೇ ತಿಂಗಳಲ್ಲಿ, ಎರಡು ಸೆರೆಮನೆಗಳಲ್ಲಿ, ಒಂಬತ್ತು ಮಂದಿ ಹಳ್ಳಿಗರು ನೇಣಿಗೇರಿದರು. ಬೆಂಗಳೂರಿನಲ್ಲಿ 8, 9 ಮತ್ತು 10ನೇ ತಾರೀಖುಗಳಂದು ಈಸೂರಿನ ಐವರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಕಣ್ಣೂರಿನಲ್ಲಿ 29ನೇ ತಾರೀಖು ಕಯ್ಯೂರಿನ ನಾಲ್ವರು: ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್.

ಈಸೂರು ನಮಗೆ ದೂರದ ಊರಲ್ಲ. ನಮ್ಮ ಸಾಸ್ವೆಹಳ್ಳಿಯಿಂದ ಹೊನ್ನಾಳಿ ದಾಟಿ ಶಿಕಾರಿಪುರದ ಸೀಮೆಗೆ ಕಾಲಿಟ್ಟರೆ ಈಸೂರು. ಆಗ ನಮ್ಮದೂ ಅವರದೂ ಒಂದೇ ಶಿವಮೊಗ್ಗ ಜಿಲ್ಲೆ. ಕಯ್ಯೂರು ಘಟ್ಟದ ಕೆಳಗಿನ ಊರು, ಕಾಸರಗೋಡಿನ ಕಡೆಯದು, ಮಾತು ಮಲಯಾಳ. ಆದರೂ ಕಯ್ಯೂರಿನ ಆ ಹುಡುಗರು ನನಗೆ ಈಸೂರಿನವರಿಗಿಂತ ಹತ್ತಿರದವರಾಗಿಬಿಟ್ಟಿದ್ದಾರೆ. ಅವರು ಹೇಗೆ ಓಡಾಡುತ್ತಿದ್ದರು, ಯಾರಿಗೆ ಹೆದರುತ್ತಿದ್ದರು, ಯಾರ ಮಾತಿಗೆ ಕಿವಿಗೊಡುತ್ತಿದ್ದರು ಎಂಬುದೆಲ್ಲ ನನಗೆ ಗೊತ್ತು. ಇದಕ್ಕೆ ಕಾರಣ ಒಂದು ಕಾದಂಬರಿ. 1955ರಲ್ಲಿ ಬಂದ ನಿರಂಜನರ ‘ಚಿರಸ್ಮರಣೆ’.

ನೇಣಿನ ಸುದ್ದಿ ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲು. ನನ್ನನ್ನು ಬೆರಗಿಗೆ ನೂಕುವುದು ಆ ಸಾಲಿನ ಹಿಂದಿನ ಕಾಲ. ಗೇಣಿ ಕೊಟ್ಟು ಬದುಕುವ ಮನೆಯ ಒಬ್ಬ ಹುಡುಗ, ಒಡೆಯರು ಎದುರಾದರೆ ದಾರಿ ಬಿಟ್ಟು ಬದಿಗೆ ಸರಿಯುವುದನ್ನು ನಡಿಗೆಯ ಜೊತೆಗೇ ಕಲಿತವನು, ಯಾವ ಗಳಿಗೆಯಲ್ಲಿ ಸರಿಯದೆ ನಿಂತ? ಆ ಗಳಿಗೆಗೆ ಸಾಕ್ಷಿ ಇರುವುದಿಲ್ಲ, ದಾಖಲೆ ಇರುವುದಿಲ್ಲ. ಪೊಲೀಸರ ಕಡತ ಆರಂಭವಾಗುವುದು ಅದಾದ ಎಷ್ಟೋ ವರ್ಷಗಳ ಮೇಲೆ. ಕಡತ ತೆರೆಯುವ ಮೊದಲೇ ಮನುಷ್ಯನೊಳಗೆ ನಡೆದುಹೋದದ್ದನ್ನು ಹುಡುಕಿ ತರಬಲ್ಲದ್ದು ಕಾದಂಬರಿ ಮಾತ್ರ.

ಕುಳಕುಂದ ಶಿವರಾಯರು ಹುಟ್ಟಿದ್ದು 1924ರಲ್ಲಿ. ನಿರಂಜನ ಎಂಬ ಹೆಸರಿನಲ್ಲಿ ನಾಡು ಅವರನ್ನು ಓದಿತು. ಹೈಸ್ಕೂಲಿಗೆ ಅವರು ಹೋದದ್ದು ನೀಲೇಶ್ವರಕ್ಕೆ. ಕಯ್ಯೂರು ಅಲ್ಲಿಗೆ ಸಮೀಪದ ಹಳ್ಳಿ. 1941ರ ಮಾರ್ಚಿನಲ್ಲಿ ಕಯ್ಯೂರು ಹೊತ್ತಿಕೊಂಡಾಗ ಅವರಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಕಯ್ಯೂರಿನ ಮೊಕದ್ದಮೆಯಲ್ಲಿ ಮರಣದಂಡನೆ ಪಡೆದ ಐದನೆಯವರು ಚೂರಿಕ್ಕಾಡನ್ ಕೃಷ್ಣನ್ ನಾಯರ್. ಅವರು ಇನ್ನೂ ಪ್ರಾಯಕ್ಕೆ ಬಾರದವರೆಂದು ನೇಣಿನಿಂದ ಉಳಿದರು. ಅಂದರೆ ಆ ಸೀಮೆಯಲ್ಲಿ ಒಂದೇ ಹೊತ್ತಿಗೆ ಇಬ್ಬರು ಹುಡುಗರಿದ್ದರು. ಒಬ್ಬನು ಶಾಲೆಯ ಬೆಂಚಿನ ಮೇಲೆ ಕೂತಿದ್ದ, ಇನ್ನೊಬ್ಬನು ನ್ಯಾಯಾಲಯದ ಕಟಕಟೆಯಲ್ಲಿ ನಿಂತಿದ್ದ. ಬೆಂಚಿನ ಮೇಲೆ ಕೂತವನು ಕಟಕಟೆಯವರನ್ನು ಮರೆಯಲಿಲ್ಲ. ಹದಿನಾಲ್ಕು ವರ್ಷ ಅವರನ್ನು ಎದೆಯಲ್ಲಿಟ್ಟುಕೊಂಡು ತಿರುಗಿ, ಮೂವತ್ತು ದಾಟಿದ ಮೇಲೆ ಬರೆದ.

ಕಯ್ಯೂರಿನಲ್ಲಿ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡಬಹುದು. ಗೇಣಿಯ ಮೇಲೆ ಜಮೀನ್ದಾರರು ಹೇರುತ್ತಿದ್ದ ಹೆಚ್ಚಿನ ವಸೂಲಿಗಳ ವಿರುದ್ಧ ರೈತಸಂಘ ಕಟ್ಟಿಕೊಂಡ ಊರು ಅದು. ಸಂಘದವರನ್ನು ಹಿಡಿಯಲು ಪೊಲೀಸರು ರಾತ್ರಿ ಹೊತ್ತು ಮನೆಗಳಿಗೆ ನುಗ್ಗಿ ಹೊಡೆದರು. ಅದನ್ನು ಖಂಡಿಸಿ 1941ರ ಮಾರ್ಚ್ 28ರಂದು ಮೆರವಣಿಗೆ ಹೊರಟಿತು. ದಾರಿಯಲ್ಲಿ ಸುಬ್ಬರಾಯ ಎಂಬ ಪೊಲೀಸ್ ಪೇದೆ ಎದುರಾದ. ಜನ ಅವನ ಕೈಗೆ ಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ತಪ್ಪಿಸಿಕೊಳ್ಳಲು ತೇಜಸ್ವಿನಿ ಹೊಳೆಗೆ ಹಾರಿದ, ಈಜಲಾರದೆ ಸತ್ತ. ಅಲ್ಲಿಂದ ಮುಂದೆ ದಸ್ತಗಿರಿ, ಮೊಕದ್ದಮೆ, ಮೇಲ್ಮನವಿ, ಕೊನೆಗೆ ಕಣ್ಣೂರು. ಆರೋಪಿಗಳ ಪಟ್ಟಿಯಲ್ಲಿದ್ದು ತಲೆಮರೆಸಿಕೊಂಡವರಲ್ಲಿ ಇ. ಕೆ. ನಾಯನಾರ್ ಒಬ್ಬರು. ಮುಂದೆ ಅವರು ಕೇರಳದ ಮುಖ್ಯಮಂತ್ರಿಯಾದರು. ಒಂದೇ ಕಡತದಲ್ಲಿದ್ದ ಹೆಸರುಗಳು ಅಷ್ಟು ದೂರ ದೂರದ ದಿಕ್ಕುಗಳಿಗೆ ಹೋದವು.

ಇಂಥ ಘಟನೆ ಬೇರೊಬ್ಬ ಲೇಖಕನ ಕೈಗೆ ಸಿಕ್ಕಿದ್ದರೆ ಕತೆ ಹೊಳೆಯ ದಂಡೆಯಲ್ಲೇ ಆರಂಭವಾಗುತ್ತಿತ್ತೋ ಏನೋ. ಬಾವುಟ, ಕೂಗು, ನೀರು, ಸಾವು: ಓದುಗರನ್ನು ಹಿಡಿದಿಡಲು ಅಷ್ಟು ಸಾಕು. ನಿರಂಜನರು ಬಹಳ ಹಿಂದಕ್ಕೆ ಹೋದರು. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರನ್ನೂ ಅವರನ್ನು ತಿದ್ದಿದ ಒಬ್ಬ ಮಾಸ್ತರರನ್ನೂ ಕತೆಯ ನಡುವಿಗೆ ತಂದರು. ಅಕ್ಷರ ಕಲಿಯುವ ಹುಡುಗರು ಲೋಕವನ್ನು ಕಲಿಯುವ ಬಗೆಯನ್ನು ಅವಸರವಿಲ್ಲದೆ ಹೇಳಿದರು. ಹಾಗಾಗಿ ಕೊನೆಗೆ ನೇಣಿನ ಹಗ್ಗ ಬಂದಾಗ ಅದು ಬೀಳುವುದು ನಾವು ಬೆಳೆಯುತ್ತ ನೋಡಿದ ಮಕ್ಕಳ ಕೊರಳಿಗೆ.

ಕ್ರಾಂತಿಯ ಕಾಲದ ಕಾದಂಬರಿಗಳಲ್ಲಿ ಮುಖ್ಯಪಾತ್ರ ಯಾರದ್ದಾಗಬೇಕು ಎಂಬ ಪ್ರಶ್ನೆ ಹಳೆಯದು. 1859ರಲ್ಲಿ ಚಾರ್ಲ್ಸ್ ಡಿಕನ್ಸ್ ಫ್ರೆಂಚ್ ಕ್ರಾಂತಿಯನ್ನು ಬರೆದಾಗ ನಮ್ಮ ಮರುಕವನ್ನೆಲ್ಲ ಒಯ್ದವರು ಒಬ್ಬ ವೈದ್ಯ, ಅವನ ಮಗಳು, ಸಿರಿವಂತ ಮನೆತನವನ್ನು ಬಿಟ್ಟು ಬಂದ ಒಬ್ಬ ಯುವಕ, ಅವನಿಗಾಗಿ ಪ್ರಾಣ ಕೊಡುವ ಒಬ್ಬ ವಕೀಲ. ಬಡಜನ ಅಲ್ಲಿ ಹೆಚ್ಚಾಗಿ ಗುಂಪಾಗಿ ಬರುತ್ತಾರೆ, ಭಯ ಹುಟ್ಟಿಸುತ್ತಾರೆ. 1862ರಲ್ಲಿ ವಿಕ್ಟರ್ ಹ್ಯೂಗೋ 1832ರ ಪ್ಯಾರಿಸ್ ದಂಗೆಯನ್ನು ಬರೆದಾಗ ಗಾವ್ರೋಶ್ ಎಂಬ ಬೀದಿಯ ಹುಡುಗ ಗುಂಪಿನಿಂದ ಹೊರಗೆ ಜಿಗಿದು ಬಂದ. ಗುಂಡುಗಳ ನಡುವೆ ತೋಟಾ ಹೆಕ್ಕುತ್ತ ಸತ್ತ. 1906ರ ಹೊತ್ತಿಗೆ ಮ್ಯಾಕ್ಸಿಂ ಗಾರ್ಕಿಯ ಕೈಯಲ್ಲಿ ಕಾರ್ಖಾನೆಯ ಕೇರಿಯ ಒಬ್ಬ ಅಕ್ಷರವರಿಯದ ತಾಯಿಯೇ ಕತೆಯ ನಡುವಿಗೆ ಬಂದು ಕೂತಳು. 1902ರಲ್ಲಿ ಸೊರ್ಮೊವೊ ಎಂಬಲ್ಲಿ ಮೇ ದಿನದ ಮೆರವಣಿಗೆಯಲ್ಲಿ ಬಾವುಟ ಹಿಡಿದ ಒಬ್ಬ ಕಾರ್ಮಿಕ ಮತ್ತು ಅವನ ತಾಯಿ, ನಿಜವಾಗಿ ಬದುಕಿದ್ದವರು, ಆ ಕತೆಯ ಹಿಂದಿದ್ದಾರೆ. ಅದನ್ನು ‘ತಾಯಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ನಿರಂಜನರೇ.

ನಮ್ಮಲ್ಲೂ ಇದೇ ನಡೆ ಕಾಣುತ್ತದೆ. ‘ಚಿರಸ್ಮರಣೆ’ಯ ಮರುವರ್ಷವೇ, 1956ರಲ್ಲಿ, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂತು. 1834ರಲ್ಲಿ ಕೊಡಗಿನ ಅರಸೊತ್ತಿಗೆ ಅಳಿದ ಕತೆ ಅದು. ಅಲ್ಲಿ ನಡುವಿರುವವನು ಅರಸ. ಅವನ ದೋಷ, ಅವನ ಒಂಟಿತನ, ಅವನ ಮಂತ್ರಿಗಳು. ಅದು ದೊಡ್ಡ ಕೃತಿ. ಅರಸರ ಪತನವನ್ನು ಬರೆಯಲು ದೊಡ್ಡ ಮನಸ್ಸು ಬೇಕು. ಗೇಣಿದಾರನ ಏಳಿಗೆಯನ್ನು ಬರೆಯಲು ಬೇರೆ ಬಗೆಯ ಮನಸ್ಸು ಬೇಕು. ಅರಸನ ಬಗ್ಗೆ ಕೈಫಿಯತ್ತು ಇರುತ್ತದೆ, ಪತ್ರ ಇರುತ್ತದೆ, ಶಾಸನ ಇರುತ್ತದೆ. ಗೇಣಿದಾರನ ಬಗ್ಗೆ ಇರುವುದು ಒಂದು ಲೆಕ್ಕದ ಸಾಲು: ಹೆಸರು, ಜಮೀನಿನ ಗುರುತು, ಕೊಡಬೇಕಾದ ಭತ್ತ, ಬಾಕಿ. ಅವನಿಗೆ ನಗು ಬರುತ್ತಿತ್ತೇ, ರಾತ್ರಿ ಅವನು ಏನು ನೆನೆಯುತ್ತಿದ್ದ ಎಂದು ಯಾರೂ ಬರೆದಿಡಲಿಲ್ಲ. ಆ ಒಂದು ಸಾಲಿನಿಂದ ಇಡೀ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವುದು, ಸುಟ್ಟ ಹೊಲದ ಬೂದಿಯಲ್ಲಿ ಒಂದು ಕಾಳು ಆರಿಸಿ ಅದನ್ನೇ ಬಿತ್ತಿ ಬೆಳೆ ತೆಗೆದಂಥ ಕೆಲಸ.

ಇನ್ನೊಂದು ಸಂಗತಿಯೂ ಬೆರಗಿನದೇ. ನಿರಂಜನರ ನಾಯಕ ಒಬ್ಬನಲ್ಲ, ಇಬ್ಬರು. ಅಪ್ಪು ಎಂದರೆ ಚಿರುಕಂಡ ನೆನಪಾಗಬೇಕು, ಚಿರುಕಂಡ ಎಂದರೆ ಅಪ್ಪು. ಗೆಳೆತನದೊಳಗೇ ಅವರು ಬೆಳೆಯುತ್ತಾರೆ. ನನಗೆ ಅನ್ನಿಸುವುದು ಇಷ್ಟು: ಹೆದರಿಕೆಯನ್ನು ಮನುಷ್ಯ ಒಬ್ಬನೇ ಗೆಲ್ಲಲಾರ. ನನಗೆ ಆದ ಅವಮಾನ ನನ್ನ ಹಣೆಬರಹ ಎಂದು ತಿಳಿದಿರುವ ತನಕ ನಾನು ತಲೆ ತಗ್ಗಿಸಿಯೇ ಇರುತ್ತೇನೆ. ಪಕ್ಕದವನಿಗೂ ಅದೇ ಆಗಿದೆ ಎಂದು ಗೊತ್ತಾದ ದಿನ ಅದು ಹಣೆಬರಹ ಅನ್ನಿಸುವುದು ನಿಲ್ಲುತ್ತದೆ, ಯಾರೋ ಮಾಡಿದ ಅನ್ಯಾಯ ಅನ್ನಿಸತೊಡಗುತ್ತದೆ. ಸಂಘ ಎನ್ನುವುದರ ಬೇರು ಅಲ್ಲಿದೆ. ಭಾಷಣಕ್ಕೂ ಬಾವುಟಕ್ಕೂ ಮೊದಲು ಇಬ್ಬರು ಹುಡುಗರು ಒಂದು ಕಟ್ಟೆಯ ಮೇಲೆ ಕೂತು ತಮ್ಮ ತಮ್ಮ ಮನೆಯ ಕಷ್ಟವನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲೇಬೇಕು.

ಕಣ್ಣೂರಿನಲ್ಲಿ ನೇಣಿಗೇರಿದ ನಾಲ್ವರ ಹೆಸರನ್ನು ಇನ್ನೊಮ್ಮೆ ಓದಿದರೆ ಇದು ಇನ್ನಷ್ಟು ತಿಳಿಯುತ್ತದೆ. ಒಬ್ಬರು ನಾಯರ್, ಒಬ್ಬರು ಮುಸಲ್ಮಾನರು. ನಾಲ್ವರೂ ಒಂದೇ ಜಾತಿಯವರಲ್ಲ, ಒಂದೇ ದೇವರಿಗೆ ಕೈ ಮುಗಿಯುವವರಲ್ಲ. ಕಟ್ಟಳೆಗಳು ಬಿಗಿಯಾಗಿದ್ದ ಆ ನಾಡಿನಲ್ಲಿ, ಅವರು ಜೊತೆಯಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಸಾಯುವ ಮುನ್ನ ಅವರನ್ನು ಕಾಣಲು ಕಮ್ಯುನಿಸ್ಟ್ ಪಕ್ಷದ ಪಿ. ಸಿ. ಜೋಶಿ ಸೆರೆಮನೆಗೆ ಹೋಗಿದ್ದರು. ದೇಶದ ಪಕ್ಷವೊಂದರ ಮುಖ್ಯಸ್ಥರು ನಾಲ್ವರು ಗೇಣಿದಾರರ ಮುಂದೆ ನಿಂತ ಆ ಭೇಟಿಯಲ್ಲಿ ಯಾರು ಯಾರಿಗೆ ಧೈರ್ಯ ಹೇಳಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪೇದೆ ಸುಬ್ಬರಾಯನನ್ನೂ ನಾನು ಮರೆಯಲಾರೆ. ಸಂಬಳಕ್ಕೆ ದುಡಿಯುವ ಸಣ್ಣ ನೌಕರ ಅವನು. ಅವನನ್ನು ಕಳಿಸಿದವರು ಆ ದಿನ ಹೊಳೆಯ ದಂಡೆಯಲ್ಲಿ ಇರಲಿಲ್ಲ, ಗೇಣಿ ತಿಂದವರೂ ಇರಲಿಲ್ಲ. ನೀರಿಗೆ ಬಿದ್ದವನೂ ದಂಡೆಯ ಮೇಲೆ ನಿಂತವರೂ ಬಡವರೇ. ಕ್ರಾಂತಿಯ ಅತ್ಯಂತ ನೋವಿನ ಸತ್ಯ ಇದು: ವ್ಯವಸ್ಥೆಯ ಮೇಲಿನ ಸಿಟ್ಟು ಬಹಳ ಸಲ ತಲುಪುವುದು ವ್ಯವಸ್ಥೆಯ ಕಟ್ಟಕಡೆಯ ಆಳನ್ನು. ಅಪ್ಪು, ಚಿರುಕಂಡರನ್ನು ಪ್ರೀತಿಸುವ ಓದುಗ ಸುಬ್ಬರಾಯನ ಮನೆಯವರ ಅಳುವನ್ನೂ ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಂಡರೆ ಹುಡುಗರ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಅವರು ಎಂಥ ಬಿಕ್ಕಟ್ಟಿನೊಳಗೆ ನಿಂತಿದ್ದರು ಎಂಬುದು ಇನ್ನೂ ಆಳವಾಗಿ ಅರ್ಥವಾಗುತ್ತದೆ.

ಈಸೂರಿನಲ್ಲೂ ಇಂಥದೇ ಒಂದು ದಿನವಿತ್ತು. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರವೆಂದು ಸಾರಿದರು. ವೀರಭದ್ರೇಶ್ವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಹಾರಿಸಿದರು. ಕಂದಾಯದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಊರಿನ ಬಾಲಕರಲ್ಲಿ ಜಯಣ್ಣ ಎಂಬವನನ್ನು ಅಮಲ್ದಾರನೆಂದೂ ಮಲ್ಲಪ್ಪಯ್ಯ ಎಂಬವನನ್ನು ಸಬ್‌ಇನ್‌ಸ್ಪೆಕ್ಟರ್ ಎಂದೂ ನೇಮಿಸಿ ತಮ್ಮದೇ ಸರ್ಕಾರ ಕಟ್ಟಿದರು. 28ನೇ ತಾರೀಖು ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಊರಿಗೆ ಬಂದಾಗ ಜನ ಅವರಿಗೆ ಗಾಂಧಿ ಟೋಪಿ ಹಾಕಿಕೊಳ್ಳಲು ಒತ್ತಾಯಿಸಿದರು. ಮಾತು ಬೆಳೆಯಿತು, ಗುಂಡು ಹಾರಿತು, ಜನ ತಿರುಗಿಬಿದ್ದರು, ಇಬ್ಬರೂ ಅಧಿಕಾರಿಗಳು ಸತ್ತರು. ಆಮೇಲೆ ಊರಿಗೆ ಪಡೆ ನುಗ್ಗಿತು, ಜನ ಕಾಡು ಸೇರಿದರು. ಗಂಡಸರ ಜೊತೆಗೆ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಣ್ಣುಮಕ್ಕಳಿಗೂ ಜೀವಾವಧಿ ಶಿಕ್ಷೆಯಾಯಿತು.

ಅಲ್ಲಿ ಪೇದೆಯ ಕೈಗೆ ಬಾವುಟ, ಇಲ್ಲಿ ಅಧಿಕಾರಿಯ ತಲೆಗೆ ಟೋಪಿ. ಎರಡೂ ಕಡೆ ಜನ ಮೊದಲು ಬಯಸಿದ್ದು ಒಂದನ್ನೇ: ಎದುರಿಗಿರುವವನು ತಮ್ಮ ಕಡೆಗೆ ಬರಲಿ, ಒಂದು ಗಳಿಗೆಯಾದರೂ ತಮ್ಮವನಾಗಲಿ. ಅಲ್ಲಿನವರದು ಕೆಂಬಾವುಟ, ಇಲ್ಲಿನವರದು ಕಾಂಗ್ರೆಸ್ಸಿನ ಬಾವುಟ. ಅಲ್ಲಿ ಬ್ರಿಟಿಷರ ಮದರಾಸು ಪ್ರಾಂತ್ಯ, ಇಲ್ಲಿ ಮಹಾರಾಜರ ಮೈಸೂರು ಸಂಸ್ಥಾನ. ಪಕ್ಷ ಬೇರೆ, ಆಡಳಿತ ಬೇರೆ, ಭಾಷೆ ಬೇರೆ. ಆದರೂ ಈ ಎರಡು ಹಳ್ಳಿಗಳು ಒಬ್ಬರ ಮುಖ ಒಬ್ಬರು ನೋಡದೆಯೇ ಒಂದೇ ಹಾದಿಯಲ್ಲಿ ನಡೆದು ಒಂದೇ ತಿಂಗಳಲ್ಲಿ ತಮ್ಮ ಮಕ್ಕಳನ್ನು ಕಳೆದುಕೊಂಡವು. ಇದನ್ನು ನೆನೆದಾಗ ನನ್ನ ಮೈ ಜುಮ್ಮೆನ್ನುತ್ತದೆ. ಬಾವುಟಗಳು ಕೆಳಗಿಳಿದ ಮೇಲೂ ಉಳಿಯುವುದು ಆ ಮನುಷ್ಯರು.

‘ಚಿರಸ್ಮರಣೆ’ ಕನ್ನಡದಲ್ಲೇ ಹುಟ್ಟಿತು ಎಂಬುದೂ ನನಗೆ ಸೋಜಿಗವೇ. ಕಯ್ಯೂರಿನ ಜನ ಆಡಿದ್ದು, ಅತ್ತದ್ದು ಮಲಯಾಳದಲ್ಲಿ. ಅವರ ಕತೆ ಮಾತ್ರ ಮೊದಲು ಕಾದಂಬರಿಯಾಗಿ ನಮ್ಮ ಭಾಷೆಗೆ ಬಂತು. ಆಗ ಕಯ್ಯೂರೂ ಮಂಗಳೂರೂ ಒಂದೇ ಜಿಲ್ಲೆ. ಮರುವರ್ಷ, 1956ರ ನವೆಂಬರಿನಲ್ಲಿ, ರಾಜ್ಯಗಳ ಗೆರೆ ಎಳೆದಾಗ ಕಯ್ಯೂರು ಕೇರಳಕ್ಕೆ ಹೋಯಿತು. ಕಾದಂಬರಿ ಗೆರೆ ದಾಟಿ ತನ್ನ ಜನರ ಬಳಿಗೆ ಹೋಯಿತು. ಸಿ. ರಾಘವನ್ ಅದನ್ನು ಮಲಯಾಳಕ್ಕೆ ತಂದರು. ಇಂಗ್ಲಿಷಿಗೆ ತಂದವರು ನಿರಂಜನ ಮತ್ತು ಅನುಪಮಾ ದಂಪತಿಯ ಮಗಳು ತೇಜಸ್ವಿನಿ. ಮಲಯಾಳದ ಎಷ್ಟೋ ಓದುಗರು ಅದನ್ನು ತಮ್ಮದೇ ಕೃತಿಯೆಂಬಂತೆ ಓದಿಕೊಂಡಿದ್ದಾರೆ. ಒಂದು ಭಾಷೆ ನೆರೆಯ ಭಾಷೆಗೆ ಕೊಡಬಹುದಾದ ಕಾಣಿಕೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ: ನಿಮ್ಮ ಮಕ್ಕಳನ್ನು ನಾವು ನಮ್ಮ ಮಕ್ಕಳೆಂದೇ ನೆನೆದೆವು ಎಂದು ಹೇಳುವುದು.

ನಾನಿರುವ ಸಾಸ್ವೆಹಳ್ಳಿ ಹೋಬಳಿಯಲ್ಲಿ ಇಂದು ಗೇಣಿಯ ಮಾತು ಹಿರಿಯರ ನೆನಪಿನಲ್ಲಿ ಮಾತ್ರ ಬಿಗಿಯಾಗಿ ಉಳಿದಿದೆ. ಭತ್ತ, ಅಡಿಕೆ, ಮೆಕ್ಕೆಜೋಳದ ಲೆಕ್ಕ ಈಗ ಬೇರೆ. ಏತ ನೀರಾವರಿಯಿಂದ ಕೆರೆ ತುಂಬುವ ಮಾತು, ಬೆಲೆ ಏರಿಳಿಯುವ ಮಾತು ನಮ್ಮ ಕಟ್ಟೆಗಳ ಮೇಲೆ ನಡೆಯುತ್ತದೆ. ಆದರೆ ಇಲ್ಲಿನ ಎಷ್ಟೋ ಹೊಲಗಳು ಉಳುವವನ ಹೆಸರಿಗೆ ಬಂದದ್ದು ತಾನಾಗಿ ಅಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ದೊಡ್ಡ ಕೊಳಗದ ಅಳತೆಯನ್ನು ಒಪ್ಪದೆ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಅವರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಹರಿದ ನೀರು 1974ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯ ಹೊತ್ತಿಗೆ ನಮ್ಮ ಮನೆಗಳ ಬಾಗಿಲಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಮಾತು ಆಗ ಊರೂರಿನಲ್ಲಿ ಕೇಳಿತು. ಗೇಣಿದಾರರು ಫಾರಂ ಏಳು ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು.

ಆ ಫಾರಂ ತುಂಬಿದವರನ್ನು ನಾನು ಅಪ್ಪು, ಚಿರುಕಂಡರ ಪಕ್ಕದಲ್ಲಿಟ್ಟು ನೋಡುತ್ತೇನೆ. ಪ್ರಾಣಕ್ಕೆ ಸಂಚಕಾರ ಬಾರದ ಹೋರಾಟ ಅದು, ಕಾಯಿದೆ ಅವರ ಕಡೆಗಿತ್ತು, ನಿಜ. ಆದರೂ ತಲೆತಲಾಂತರದಿಂದ ಒಡೆಯರೇ ಎಂದು ಕರೆದವರ ವಿರುದ್ಧ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಸುಲಭವಾಗಿರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಕೊಟ್ಟವರು, ಮದುವೆಗೆ ಸಾಲ ಕೊಟ್ಟವರು, ಸಿಟ್ಟು ಬಂದರೆ ಹೊಲ ಬಿಡಿಸಬಲ್ಲವರು. ಅವರ ಎದುರಿಗೆ ಇದು ನನ್ನದು ಎಂದು ಹೇಳಲು ಒಬ್ಬ ಬಡ ರೈತ ತನ್ನೊಳಗೆ ಎಷ್ಟು ದೂರ ನಡೆದಿರಬೇಕು! ಕೆಲವರು ನಡೆಯಲಾರದೆ ಫಾರಂ ಹಾಕದೆಯೇ ಉಳಿದರು. ಅವರನ್ನೂ ಕಾದಂಬರಿ ಕಲಿಸಿದ ಕಣ್ಣಿನಿಂದ ನೋಡಿದರೆ ಹೇಡಿಗಳೆನ್ನಲು ಮನಸ್ಸು ಬರುವುದಿಲ್ಲ. ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಮಾತಾಡಲು ಒಬ್ಬ ಚಿರುಕಂಡ ಇರಲಿಲ್ಲವೇನೋ, ಅಕ್ಷರ ಹೇಳಿಕೊಡುವ ಒಬ್ಬ ಮಾಸ್ತರರು ಸಿಗಲಿಲ್ಲವೇನೋ ಅನ್ನಿಸುತ್ತದೆ.

ಕ್ರಾಂತಿಯ ಕಾದಂಬರಿಯಲ್ಲಿ ಮುಖ್ಯಪಾತ್ರ ಯಾರದು ಎಂದು ನನ್ನನ್ನು ಕೇಳಿದರೆ, ಮೊದಲ ಸಲ ಪ್ರಶ್ನೆ ಕೇಳಿದವನದು ಎಂದು ಹೇಳುತ್ತೇನೆ. ಇದು ಹೀಗೇಕೆ ಎಂದು ಕೇಳಿದವನು, ಆ ಪ್ರಶ್ನೆಗೆ ನಗದೆ ಉತ್ತರ ಹೇಳಿದ ಗುರು, ಅದನ್ನು ಕೇಳಿಸಿಕೊಂಡು ಹೌದಲ್ಲ ಎಂದ ಗೆಳೆಯ: ಈ ಮೂವರು ಸೇರಿದ ಕಡೆ ಚರಿತ್ರೆ ತನ್ನ ದಿಕ್ಕು ಬದಲಿಸುತ್ತದೆ. ಆ ಮೂವರಲ್ಲಿ ಒಬ್ಬರಾಗುವುದು ಯಾವ ಹಳ್ಳಿಯ ಯಾವ ಮಗುವಿಗೂ ಸಾಧ್ಯ. ನಿರಂಜನರು ನನಗೆ ತೋರಿಸಿಕೊಟ್ಟ ಬೆರಗು ಇದೇ. ದೊಡ್ಡವರು ದೊಡ್ಡ ಕೆಲಸ ಮಾಡಿದರೆ ಮೆಚ್ಚುತ್ತೇವೆ. ನಮ್ಮಂಥವರು ಮಾಡಿದರೆ ಮೆಚ್ಚಿ ಸುಮ್ಮನಾಗಲು ಆಗುವುದಿಲ್ಲ. ನಾನು ಏನಾಗಬಹುದಿತ್ತು, ಇನ್ನೂ ಏನಾಗಬಹುದು ಎಂಬ ಯೋಚನೆ ಒಳಗೆ ಕೂತುಬಿಡುತ್ತದೆ.

ಆದ್ದರಿಂದ ನನಗೆ ಒಂದು ಕೆಲಸ ತುರ್ತಿನದಾಗಿ ಕಾಣುತ್ತದೆ. ವೀರರ ಸಾವನ್ನು ನಾವು ಪ್ರತಿವರ್ಷ ನೆನೆಯುತ್ತೇವೆ, ಹೂಮಾಲೆ ಹಾಕುತ್ತೇವೆ, ಅದು ಆಗಬೇಕಾದದ್ದೇ. ಅವರ ಬಾಳನ್ನು ಕೇಳಿ ತಿಳಿಯುವುದೂ ಆಗಬೇಕು. ಫಾರಂ ಏಳಕ್ಕೆ ಹೆಬ್ಬೆಟ್ಟು ಒತ್ತಿದವರಲ್ಲಿ ಕೆಲವರಾದರೂ ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಅಪ್ಪನ ಕೈ ಹಿಡಿದು ಮಂಡಳಿಯ ಮುಂದೆ ಹೋದ ಮಕ್ಕಳಂತೂ ಈಗ ಅಜ್ಜ ಅಜ್ಜಿಯರಾಗಿ ನಮ್ಮ ಮನೆಗಳಲ್ಲೇ ಇದ್ದಾರೆ. ಅಂದು ಹೆದರಿಕೆಯಾಯಿತೇ, ಧೈರ್ಯ ಹೇಳಿದವರು ಯಾರು, ರಾತ್ರಿ ಮನೆಯಲ್ಲಿ ಏನು ಮಾತು ನಡೆಯಿತು, ಅವ್ವ ಏನು ಅಂದಳು ಎಂದು ಅವರನ್ನು ಕೇಳಬೇಕು. ಹೇಳಿದ್ದನ್ನು ಬರೆದಿಡಬೇಕು. ಹದಿನಾರು ದಾಟಿದ ಒಬ್ಬ ಶಾಲಾಹುಡುಗ ತನ್ನ ನೆರೆಯವರನ್ನು ಮರೆಯದೆ ಉಳಿಸಿಕೊಂಡದ್ದರಿಂದ ಒಂದು ಹಳ್ಳಿ ಎರಡು ಭಾಷೆಗಳ ನೆನಪಾಯಿತು. ನಮ್ಮ ಹಳ್ಳಿಗಳೂ ಅಂಥ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಾಯುತ್ತಿವೆ. ಕೇಳಿ ಬರೆಯುವ ಕೆಲಸವನ್ನು ಅವರು ಇಂದೇ ಆರಂಭಿಸಲಿ.